ಐದು ಸೀಸೆ ಎಣ್ಣೆ

ಕೊಟ್ರಬಸಪ್ಪನ ನೆತ್ತಿಯ ಮೇಲೆ ಕೂದಲಿಲ್ಲ ಎಂಬ ಸಂಗತಿ ಸಿರುಗುಪ್ಪದಲ್ಲಿ ಗೊತ್ತಿದ್ದದ್ದು ಇಬ್ಬರಿಗೇ: ಅವನಿಗೆ ಮತ್ತು ಅವನ ತಾಯಿ ಶಿವಬಸಮ್ಮನಿಗೆ. ಇಡೀ ತಲೆ ಬೋಳು ಅಂತೇನಲ್ಲ. ಕಿವಿಯ ಮೇಲೆ, ಹಿಂಭಾಗದಲ್ಲಿ ಕರ್ರಗೆ ಸೊಂಪಾಗಿಯೇ ಇತ್ತು. ನಡುವೆ ಮಾತ್ರ ಒಕ್ಕಣೆ ಮುಗಿದ ಕಣದ ಹಾಗೆ ಬಯಲು. ಅವನು ಅಕ್ಕಿ ಮಿಲ್ಲಿನಲ್ಲಿ ಯಂತ್ರ ನೋಡಿಕೊಳ್ಳುವ ಮಿಸ್ತ್ರಿ. ಅಲ್ಲಿ ಹಗಲೆಲ್ಲ ತೌಡಿನ ಧೂಳು ಹಾರುವುದರಿಂದ ಮಾಲೀಕರಿಂದ ಹಮಾಲರವರೆಗೆ ಎಲ್ಲರೂ ತಲೆಗೆ ಟವಲು ಸುತ್ತಿಕೊಂಡೇ ಇರುತ್ತಿದ್ದರು. ಹಾಗಾಗಿ ಮಿಸ್ತ್ರಿಯ ಟವಲಿನ ಕೆಳಗೆ ಏನಿದೆ, ಏನಿಲ್ಲ ಎಂದು ಯಾರೂ ಕೇಳಿರಲಿಲ್ಲ.

ಗಂಟು ಬಿದ್ದದ್ದು ಮದುವೆಯಿಂದ. ಎಪ್ಪತ್ತಾರನೇ ಇಸವಿಯ ಕಾರ್ತಿಕದಲ್ಲಿ ಕುರುಗೋಡಿನಿಂದ ಸಂಬಂಧ ಬಂದಾಗ ಶಿವಬಸಮ್ಮ ಟ್ರಂಕಿನ ತಳದಿಂದ ಒಂದು ಫೋಟೋ ತೆಗೆದು ಕಳಿಸಿದಳು. ಆರು ವರ್ಷದ ಹಿಂದೆ ಬಳ್ಳಾರಿಯ ಕಂಟೋನ್ಮೆಂಟಿನ ಸ್ಟುಡಿಯೋದಲ್ಲಿ ತೆಗೆಸಿದ್ದು. ಸ್ಟುಡಿಯೋದವನು ನೀರು ಹಚ್ಚಿ ಬಾಚಿಸಿ, ಹಣೆಯ ಮೇಲೊಂದು ಸುರುಳಿಯನ್ನೂ ಇಳಿಬಿಟ್ಟಿದ್ದ. ಫೋಟೋ ಹೋಗುವಾಗ ಕೊಟ್ರಬಸಪ್ಪ ನೋಡಿದ, ಸುಮ್ಮನಿದ್ದ. ಹುಡುಗಿ ನೋಡಲು ಹೋದ ದಿನ ತಾಯಿ ಹೊಸ ರುಮಾಲು ಸುತ್ತಿ ಕರೆದೊಯ್ದಾಗಲೂ ಸುಮ್ಮನಿದ್ದ. ಸುಳ್ಳು ಹೇಳುವವರಿಗೆ ಬಾಯಾದರೂ ನೋಯುತ್ತದೆ. ಇವನಿಗೆ ಆ ತೊಂದರೆಯೂ ಇರಲಿಲ್ಲ.

ಹುಡುಗಿಯ ಹೆಸರು ದಾಕ್ಷಾಯಣಿ. ಅವಲಕ್ಕಿಯ ತಟ್ಟೆ ಇಟ್ಟವಳು ಒಳಗೆ ಹೋಗಿ ಮತ್ತೆ ಬಂದಳು, ಕೈಯಲ್ಲಿ ಬೀಸಣಿಗೆ ಇತ್ತು. ಕಾರ್ತಿಕವಾದರೂ ಆ ದಿನ ಕುರುಗೋಡಿನ ಬಂಡೆಗಳೆಲ್ಲ ಕಾದಿದ್ದವು. "ಸೆಕಿ ಬಾಳ ಐತಿ. ರುಮಾಲು ಬಿಚ್ಚಿ ಕುಂದರ್ರಿ," ಅಂದಳು, ನೆಲ ನೋಡದೆ, ನೇರ ಅವನ ಮುಖ ನೋಡಿ.

"ಇರಲಿ ಬಿಡವ್ವ, ಅಂವಗ ರೂಢಿ ಐತಿ," ಅಂದಳು ಶಿವಬಸಮ್ಮ.

ಹುಡುಗಿ ಬೀಸಣಿಗೆಯನ್ನು ಅವನ ಪಕ್ಕ ಇಟ್ಟು ಹೋದಳು. ಬೆವರು ಕಿವಿಯ ಹಿಂದಿನಿಂದ ಇಳಿಯುತ್ತಿದ್ದರೂ ಕೊಟ್ರಬಸಪ್ಪನಿಗೆ ಅಷ್ಟರಲ್ಲೇ ಅವಳು ಮನಸ್ಸಿಗೆ ಬಂದುಬಿಟ್ಟಿದ್ದಳು. ನೋಡಲು ಬಂದವನ ಬೆವರು ನೋಡಿದ ಹುಡುಗಿ ಅವಳೊಬ್ಬಳೇ. ಆ ಗಳಿಗೆಯಿಂದಲೇ ಅವನಿಗೆ ಹೆದರಿಕೆಯೂ ಶುರುವಾಯಿತು.

ಮದುವೆ ವೈಶಾಖಕ್ಕೆ ಗೊತ್ತಾಯಿತು. ಮದುವೆಯ ಹಿಂದಿನ ದಿನ ಸುರಿಗಿ. ನಾಲ್ಕು ಮೂಲೆಗೆ ನಾಲ್ಕು ತಂಬಿಗೆ ಇಟ್ಟು, ಸುತ್ತಲೂ ನೂಲು ಸುತ್ತಿ, ನಡುವೆ ಮದುಮಕ್ಕಳನ್ನು ಮಣೆಯ ಮೇಲೆ ಕೂರಿಸಿ ಎಣ್ಣೆ ಹಚ್ಚಿ ನೀರೆರೆಯುತ್ತಾರೆ. ಹುಡುಗಿಯ ಮನೆತನದಲ್ಲಿ ಇನ್ನೊಂದು ಪದ್ಧತಿ: ಹುಡುಗನ ನೆತ್ತಿಗೆ ಮೊದಲ ಎಣ್ಣೆ ಹುಡುಗಿಯೇ ಹಚ್ಚಬೇಕು. ರುಮಾಲು ಸುತ್ತಿಕೊಂಡು ತಲೆಗೆ ನೀರು ಹಾಕಿಸಿಕೊಂಡವರು ಎರಡೂ ಊರಲ್ಲಿ ಯಾರೂ ಇರಲಿಲ್ಲ. ಕೈಯಲ್ಲಿ ಇದ್ದದ್ದು ಆರು ತಿಂಗಳು.

ಶಿವಬಸಮ್ಮ ಸೆರಗು ಸಿಗಿಸಿ ನಿಂತಳು. ಮೊದಲ ತಿಂಗಳು ನೆನೆಸಿದ ಮೆಂತ್ಯ ರುಬ್ಬಿ ಹಚ್ಚಿದಳು. ಅದು ಒಣಗಿ ಬಿಗಿದು, ಇದ್ದ ನಾಲ್ಕು ಕೂದಲನ್ನೂ ಕಿತ್ತುಕೊಂಡೇ ಹೊರಟಿತು. ಆಮೇಲೆ ದಾಸವಾಳದ ಎಲೆ, ಲೋಳಸರ, ಹುಳಿ ಮಜ್ಜಿಗೆ, ಔಡಲೆಣ್ಣೆ. ಉಳ್ಳಾಗಡ್ಡಿ ರಸವನ್ನಂತೂ ಬೆಳಿಗ್ಗೆ ಬೆಳಿಗ್ಗೆ ಹಚ್ಚಿ, ತೊಳೆದರೆ ಗುಣ ಹೋಗುತ್ತದೆಂದು ಹಾಗೆಯೇ ಟವಲು ಸುತ್ತಿ ಮಿಲ್ಲಿಗೆ ಕಳಿಸುತ್ತಿದ್ದಳು. "ಮಿಸ್ತ್ರಿ ಮನ್ಯಾಗ ದಿನಾ ವಗ್ಗರಣಿ ಮಂಡಕ್ಕಿ ಏನಪ," ಎಂದು ಹಮಾಲರು ಮೂಗರಳಿಸಿದರು. ಬಳ್ಳಾರಿಯ ಹಜಾಮನೊಬ್ಬ ಕೋಳಿ ಮೊಟ್ಟೆ ಹಚ್ಚಿದರೆ ಗ್ಯಾರಂಟಿ ಅಂದದ್ದನ್ನು ಮಗ ಬಾಯಿ ತಪ್ಪಿ ಮನೆಯಲ್ಲಿ ಹೇಳಿದ. ಶಿವಬಸಮ್ಮ ಲಿಂಗಪೂಜೆಗೆ ಕೂತವಳು ವಿಭೂತಿ ಹಿಡಿದ ಕೈಯನ್ನು ಅಲ್ಲೇ ನಿಲ್ಲಿಸಿ, "ಆ ತಲಿ ತಗೊಂಡು ಈ ಹೊಸಲಿ ದಾಟಬ್ಯಾಡ," ಅಂದಳು. ಮೊಟ್ಟೆಯ ಮಾತು ಅಲ್ಲಿಗೆ ಮುಗಿಯಿತು.

ಸಂಕ್ರಾಂತಿ ಕಳೆಯಿತು. ನೆತ್ತಿ ಮಿಂಚುವುದು ಹೆಚ್ಚಾಯಿತೇ ಹೊರತು ಬೇರೇನೂ ಆಗಲಿಲ್ಲ. ತಡೆಯಲಾರದೆ ಅವನು ಗೆಳೆಯ ಚಂದ್ರಣ್ಣನ ಮುಂದೆ ಟವಲು ಬಿಚ್ಚಿದ. ಚಂದ್ರಣ್ಣ ಬಸ್ಸಿನ ಕಂಡಕ್ಟರ್. ಬೆಳಿಗ್ಗೆ ಸಿರುಗುಪ್ಪದಿಂದ ಬಳ್ಳಾರಿಗೆ, ಮಧ್ಯಾಹ್ನ ಬಳ್ಳಾರಿಯಿಂದ ಕುರುಗೋಡಿಗೆ ಅವನ ಪಾಳಿ. ಗೆಳೆಯನ ತಲೆಯನ್ನು ಒಂದು ಸುತ್ತು ನೋಡಿದ, ನಗಲಿಲ್ಲ. ಅದಕ್ಕೇ ಅವನು ಗೆಳೆಯ.

"ಲೇ ಕೊಟ್ರ, ಕುರುಗೋಡಿನ್ಯಾಗ ಚನ್ನವೀರಮ್ಮ ಅಂತ ಒಂದು ಮುದುಕಿ ಐತಿ. ಗರಗದ ಸೊಪ್ಪಿನ ಎಣ್ಣಿ ಕಾಸ್ತಾಳ. ದೂರದೂರಿಂದ ಬಂದು ಒಯ್ತಾರ."

"ಕುರುಗೋಡಾ? ಬ್ಯಾಡಪ. ಹುಡುಗಿ ಊರು ಅದು."

"ಯಾರಿಗೆ ಅಂತ ಹೇಳಿದ್ರ ತಾನ? ಮಿಲ್ಲಿನ ಮುದುಕರೊಬ್ಬರಿಗೆ ಅಂತೀನಿ. ಆದ್ರ ಒಂದು ಐತಿ. ಉದುರಿದ ಕೂದಲಾ ನೋಡದ ಆಕಿ ಎಣ್ಣಿ ಕಾಸಂಗಿಲ್ಲ. ಒಂದು ಚಿಟಿಗಿ ಕಟ್ಟಿಕೊಡು. ವಯಸ್ಸು, ಕೆಲಸ, ನಿದ್ದಿ ಎಲ್ಲಾ ಚೀಟ್ಯಾಗ ಬರಿ. ಮುದುಕಿಗೆ ಕಣ್ಣು ಮಂಜು. ಓಣಿ ಹುಡುಗ್ಯಾರು ಸೊಪ್ಪು ಅರದು ಕೊಡತಾರ, ಚೀಟಿ ಓದತಾರ, ಬರೀತಾರ."

ಕೊಟ್ರಬಸಪ್ಪ ಟವಲು ಕೊಡವಿ, ಬಿದ್ದ ಕೂದಲನ್ನು ಕಾಗದದಲ್ಲಿ ಕಟ್ಟಿದ. ಚೀಟಿಯಲ್ಲಿ ಬಹಳ ಯೋಚಿಸಿ ಬರೆದ: ವಯಸ್ಸು ಅರವತ್ತು, ಮಿಲ್ಲಿನ ಕೆಲಸ, ತಲೆಗೆ ಸದಾ ಟವಲು, ನಿದ್ದೆ ಕಡಿಮೆ.

ನಾಲ್ಕನೇ ದಿನ ಚಂದ್ರಣ್ಣ ಹಸಿರು ಬಣ್ಣದ ಎಣ್ಣೆಯ ಸೀಸೆ ತಂದುಕೊಟ್ಟ. ಕೊರಳಿಗೆ ದಾರದಲ್ಲಿ ಚೀಟಿ ಕಟ್ಟಿತ್ತು. ದುಂಡಗಿನ ಅಕ್ಷರ. "ಅರವತ್ತು ವರ್ಷದ ಹಿರಿಯರ ಕೂದಲು ಇಷ್ಟು ಕರ್ರಗ ಇದ್ದದ್ದು ನೋಡಿ ಅಜ್ಜಿಗೆ ಬಾಳ ಸಂತೋಷ ಆತು. ಖರೆ ವಯಸ್ಸು ಹೇಳಿದ್ರ ಎಣ್ಣಿ ಖರೆ ಹತ್ತತೈತಿ."

ಕೊಟ್ರಬಸಪ್ಪ ಯಂತ್ರದ ಹಿಂದೆ ನಿಂತು ಓದಿದ, ಕಿವಿಯವರೆಗೆ ಕೆಂಪಾದ. ಬಿಳಿ ಕೂದಲಿಗೆ ಎಲ್ಲಿಗೆ ಹೋಗಬೇಕಿತ್ತು ಅವನು? ಮಾಲೀಕರ ತಲೆಗೆ ಕೈ ಹಾಕುವಂತಿರಲಿಲ್ಲ. ಎರಡನೇ ಸಲ ಇಪ್ಪತ್ತೊಂಬತ್ತು ಅಂತ ನಿಜ ಬರೆದ.

ಹೀಗೆ ಮೂರು ವಾರಕ್ಕೊಂದು ಸೀಸೆ ಬಂತು, ಪ್ರತಿ ಸೀಸೆಗೂ ಒಂದು ಚೀಟಿ. ಉಗುರಿನಿಂದ ಕೆರೆಯಬೇಡಿ, ಬೆರಳಿನ ತುದಿಯಿಂದ ಮೆಲ್ಲಗೆ ತಿಕ್ಕಿ. ಬಿಸಿನೀರು ತಲೆಗೆ ಬೇಡ. ಸೀಗೆಪುಡಿ ವಾರಕ್ಕೆ ಎರಡೇ ಸಲ. ಟವಲು ಬಿಗಿಯಾಗಿ ಕಟ್ಟಬೇಡಿ. ಅವನು ಬೆಳಿಗ್ಗೆ ಪೂಜೆಗೆ ಮುಂಚೆ ಹಿತ್ತಲಲ್ಲಿ ಕೂತು, ಚೀಟಿ ಹೇಳಿದ ಹಾಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದ. ತಲೆ ತಂಪಾಯಿತು, ನಿದ್ದೆ ಬಂತು. ಉದುರುವುದು ಕಡಿಮೆಯಾದಂತೆಯೂ ಅನಿಸಿತು. ಆದರೆ ಬಯಲು ಬಯಲಾಗಿಯೇ ಉಳಿಯಿತು. ದಿನಾ ಕನ್ನಡಿ ಹಿಡಿದು ಒಂದು ಚಿಗುರು ಹುಡುಕುವುದು, ಸಿಕ್ಕದೆ ಕನ್ನಡಿ ಮಗುಚಿಡುವುದು ಅವನ ಇನ್ನೊಂದು ಪೂಜೆಯಾಯಿತು.

ಮೂರನೇ ಸೀಸೆಯ ಚೀಟಿ ಬೇರೆಯೇ ಕೇಳಿತು: "ಇಷ್ಟು ಅವಸರ ಯಾಕ ಅಂತ ಅಜ್ಜಿ ಕೇಳತಾಳ."

"ವೈಶಾಖದಲ್ಲಿ ಮದುವೆ," ಎಂದು ಬರೆದ.

ನಾಲ್ಕನೆಯದು: "ಹುಡುಗಿಗೆ ಹೇಳೀರೇನು?"

ಆ ಚೀಟಿಯನ್ನು ಅವನು ಎರಡು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿದ. ಕಂಡರಿಯದ ಮುದುಕಿಯೊಬ್ಬಳು ಕೇಳಿದ ಪ್ರಶ್ನೆಯನ್ನು ಇಷ್ಟು ತಿಂಗಳಲ್ಲಿ ಅವನೇ ಅವನಿಗೆ ಕೇಳಿಕೊಂಡಿರಲಿಲ್ಲ. ಕಡೆಗೆ ಬರೆದ: "ಹೇಳಿಲ್ಲ. ಹಳೆಯ ಫೋಟೋ ತೋರಿಸಿದ್ದೇವೆ. ಹೇಳಿದರೆ ಬೇಡ ಅಂದಾಳು ಎಂದು ಹೆದರಿಕೆ. ಹುಡುಗಿ ನನಗೆ ಮನಸ್ಸಿಗೆ ಬಂದಿದ್ದಾಳೆ." ಬರೆದ ಮೇಲೆ ನಾಚಿಕೆಯಾಯಿತು. ಆದರೂ ಕಾಗದ ಮಡಿಸಿ ಚಂದ್ರಣ್ಣನ ಕೈಗೆ ಕೊಟ್ಟ.

ಐದನೆಯ ಸೀಸೆ ಬಂದಾಗ ಮದುವೆಗೆ ಇಪ್ಪತ್ತು ದಿನ ಉಳಿದಿತ್ತು. ಚೀಟಿಯಲ್ಲಿ ಎರಡೇ ಸಾಲು. "ಎಣ್ಣಿ ಕಾಸೋದು ನಮ್ಮ ಕೆಲಸ. ರುಮಾಲು ಬಿಚ್ಚೋದು ಹಚ್ಚಿಕೊಳ್ಳೋರ ಕೆಲಸ." ತಾನು ಯಾವಾಗಲೂ ಟವಲು ಅಂತ ಬರೆದಿದ್ದೆ, ಇವರು ರುಮಾಲು ಅಂತ ಬರೆದಿದ್ದಾರಲ್ಲ ಎಂದು ಒಂದು ಗಳಿಗೆ ಅನಿಸಿತು. ಮುದುಕಿಗೆ ಎರಡೂ ಒಂದೇ ಇರಬೇಕು ಅಂದುಕೊಂಡ.

ಈ ಕಡೆ ಶಿವಬಸಮ್ಮ ಬೇರೆ ದಾರಿ ಕಂಡುಕೊಂಡಿದ್ದಳು. "ತಮ್ಮಾ, ಸುರಿಗಿ ದಿನ ನೆಗಡಿ ಆಗೈತಿ ಅಂತ ಹೇಳಿಬಿಡಾನು. ರುಮಾಲಿನ ಮ್ಯಾಲ ಎರಡು ಹನಿ ಎಣ್ಣಿ ಮುಟ್ಟಿಸಿ, ಕಾಲಿಗೆ ನೀರು ಹಾಕಿದ್ರ ಶಾಸ್ತ್ರ ಆತು. ತಾಳಿ ಬಿದ್ದಮ್ಯಾಲ ಯಾರೇನು ಮಾಡತಾರ?"

"ತಾಳಿ ಬಿದ್ದಮ್ಯಾಲ ಆಕಿ ಮಕಾ ನಾ ದಿನಾ ನೋಡಬೇಕಲ್ಲಬೇ," ಅಂದ ಕೊಟ್ರಬಸಪ್ಪ. ಆದರೂ ದಿಬ್ಬಣ ಹೊರಡುವಾಗ ಶಿವಬಸಮ್ಮನೇ ರುಮಾಲು ಸುತ್ತಿದಳು, ಒಂದು ಪಿನ್ನನ್ನೂ ಚುಚ್ಚಿದಳು.

ಸುರಿಗಿಯ ದಿನ ದಿಬ್ಬಣದ ಬಸ್ಸು ಬಳ್ಳಾರಿ ಹಾಯ್ದು ಕುರುಗೋಡು ಮುಟ್ಟಿದಾಗ ಬಿಸಿಲು ಇನ್ನೂ ಏರಿರಲಿಲ್ಲ. ಹಂದರದ ಬಾಗಿಲಲ್ಲಿ ಹೆಣ್ಣಿನವರು ಆರತಿ ಹಿಡಿದು ನಿಂತಿದ್ದರು. ಪಕ್ಕದಲ್ಲಿ ಹುಡುಗಿಯ ತಂದೆ ವಿರೂಪಾಕ್ಷಪ್ಪ. ಕೊಟ್ರಬಸಪ್ಪ ಕಾಲು ತೊಳೆದುಕೊಂಡ, ಬಾಗಿಲ ಹತ್ತಿರ ಬಂದ, ನಿಂತ. ಕೈ ಮೇಲೆತ್ತಿ ಮೊದಲು ಪಿನ್ನು ತೆಗೆದ, ಆಮೇಲೆ ರುಮಾಲು ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡ. ಹಿಂದಿನಿಂದ ತಾಯಿ "ಅಯ್ಯ ಶಿವನೇ" ಅಂದದ್ದು ಕೇಳಿಸಿತು. ಆರತಿ ಹಿಡಿದ ಕೈಗಳು ಅಲ್ಲೇ ನಿಂತವು.

ವಿರೂಪಾಕ್ಷಪ್ಪ ಒಳ್ಳೆಯ ಮನುಷ್ಯ, ದಾರಿ ಮಾಡಿಕೊಡಲು ನೋಡಿದ. "ಸೆಕಿಗೆ ಬಿಚ್ಚಿದ್ರೇನ್ರಿ?"

"ಇಲ್ಲರಿ ಮಾವಾರ. ನನ್ನ ತಲಿ ಹಿಂಗ ಐತಿ. ಆ ಫೋಟೋ ಆರು ವರ್ಷದ ಹಿಂದಿಂದು. ಕಾರ್ತಿಕದಾಗ ಬಂದಾಗ ಹೇಳಬೇಕಿತ್ತು, ಅಂಜಿ ಹೇಳಲಿಲ್ಲ. ನಮ್ಮವ್ವಂದು ತಪ್ಪಿಲ್ಲ, ನಂದು. ನಿಮ್ಮ ಮಗಳನ್ನ ಒಂದು ಮಾತು ಕೇಳಿ ಬರ್ರಿ. ಬ್ಯಾಡ ಅಂದ್ರ ನಾವು ಹಂಗ ತಿರುಗಿ ಹೊಕ್ಕೀವಿ."

ಯಾರೋ ಗುಸುಗುಸು ಶುರುಮಾಡಿದರು, ಯಾರೋ ಸುಮ್ಮನಾಗಿಸಿದರು. ವಿರೂಪಾಕ್ಷಪ್ಪ ಒಳಗೆ ಹೋದ. ಕೊಟ್ರಬಸಪ್ಪನ ನೆತ್ತಿಗೆ ಗಾಳಿ ತಾಗಿತು. ಮಂದಿಯ ಮುಂದೆ ಅದಕ್ಕೆ ಗಾಳಿ ತಾಗಿ ವರ್ಷಗಳಾಗಿದ್ದವು. ಹೆದರಿಕೆ ಇದ್ದೇ ಇತ್ತು, ಆದರೆ ಆರು ತಿಂಗಳ ಭಾರ ರುಮಾಲಿನ ಜೊತೆಗೇ ಇಳಿದು ಅವನಿಗೆ ಸುಖವೆನಿಸಿತು. ಆಕೆ ಬೇಡ ಅಂದರೆ ಬಹಳ ದುಃಖವಾಗುತ್ತದೆ, ಆದರೂ ಬಿಚ್ಚಿದ್ದಕ್ಕೆ ಎಂದೂ ಪಶ್ಚಾತ್ತಾಪ ಪಡುವುದಿಲ್ಲ ಅಂದುಕೊಂಡ.

ವಿರೂಪಾಕ್ಷಪ್ಪ ತಿರುಗಿ ಬಂದವನು ಮೀಸೆ ಒರೆಸಿಕೊಂಡ. "ಸುರಿಗಿ ನೀರು ಕಾದೈತಂತ. ಆರಾಕ ಬಿಡಬ್ಯಾಡ್ರಿ, ಲಗೂನ ಬರ್ರಿ ಅಂದ್ಳು."

ಆರತಿಯ ಕೈಗಳು ಮತ್ತೆ ಆಡಿದವು. ಶಿವಬಸಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ, ಮಗನ ಕೈಯಲ್ಲಿದ್ದ ಪಿನ್ನನ್ನು ತೆಗೆದುಕೊಂಡು ತನ್ನ ಸೆರಗಿಗೇ ಚುಚ್ಚಿಕೊಂಡಳು.

ನೂಲು ಸುತ್ತಿದ ನಾಲ್ಕು ತಂಬಿಗೆಗಳ ನಡುವೆ ಇಬ್ಬರನ್ನೂ ಮಣೆಯ ಮೇಲೆ ಕೂರಿಸಿದರು. ಹಾಡುವ ಹೆಂಗಸರ ಗದ್ದಲದಲ್ಲಿ ದಾಕ್ಷಾಯಣಿ ಎದ್ದು ಅವನ ಹಿಂದೆ ನಿಂತಳು. ನೆತ್ತಿಗೆ ಎಣ್ಣೆ ಬಿತ್ತು. ಪರಿಚಯದ ತಂಪು, ಪರಿಚಯದ ಗರಗದ ಸೊಪ್ಪಿನ ವಾಸನೆ. ಬೆರಳ ತುದಿಗಳು ಉಗುರು ತಾಗಿಸದೆ ಮೆಲ್ಲಗೆ ತಿಕ್ಕತೊಡಗಿದವು, ಚೀಟಿಯಲ್ಲಿ ಬರೆದಿದ್ದ ಹಾಗೆಯೇ. ಕೊಟ್ರಬಸಪ್ಪ ತಲೆಯೆತ್ತಲು ಹೋದ.

"ಅಲಗಾಡಬ್ಯಾಡ್ರಿ," ಅಂದಳು ಅವಳು, ಅವನಿಗಷ್ಟೇ ಕೇಳುವ ಹಾಗೆ. "ಇದು ಆರನೇ ಸೀಸೆ."

ಅವನು ಅಲುಗಾಡದೆ ಪಿಸುಗುಟ್ಟಿದ, "ಚೀಟಿ ಬರದಾಕಿ ನೀನಾ?"

"ಚನ್ನವೀರಜ್ಜಿ ಮನಿ ನಮ್ಮ ಮಗ್ಗಲಕ್ಕ ಐತಿ. ಸೊಪ್ಪು ಅರಿಯಾಕಿ ನಾನ."

"ನಾನಂತ ಯಾವಾಗ ಗೊತ್ತಾತು?"

"ಮೊದಲ್ನೇ ಸಲಾನ ಕೂದಲಾಗ ತೌಡಿತ್ತು. ಕಂಡಕ್ಟರ್ ಸಿರುಗುಪ್ಪದಾಂವ. ವೈಶಾಖದಾಗ ಮದುವಿ ಅಂತ ಬರದಮ್ಯಾಲ ಉಳದದ್ದೇನು?"

"ಗೊತ್ತಾದ ಮ್ಯಾಲ ಯಾಕ ಹೇಳಲಿಲ್ಲ?"

ಬೆರಳುಗಳು ಕಿವಿಯ ಮೇಲಿನ ಕೂದಲಿಗೆ ಸರಿದವು. "ಕೂದಲಿಂದು ನನಗೇನಿಲ್ಲ. ರುಮಾಲು ನೀವ ಬಿಚ್ಚತೀರೇನು ಅಂತ ನೋಡತಿದ್ದೆ."

"ಬಿಚ್ಚದ ಇದ್ದಿದ್ರ?"

ದಾಕ್ಷಾಯಣಿ ಅಂಗೈಗೆ ಇನ್ನಷ್ಟು ಎಣ್ಣೆ ಸುರಿದುಕೊಂಡಳು. ಹೆಂಗಸರು ಬೆಚ್ಚನೆಯ ನೀರಿನ ಕೊಡ ಎತ್ತಿಕೊಂಡು ಕಾಯುತ್ತಿದ್ದರು.

"ತಲಿ ಬಗ್ಗಸ್ರಿ," ಅಂದಳು. "ಹಿಂದ ಹಚ್ಚೋದು ಐತಿ."