ಇರುವೆ ಅಧ್ಯಾಯದ ತಪ್ಪುಗಳು

ಒಂಬತ್ತನೆಯ ತಪ್ಪು ಸಿಕ್ಕಿದಾಗ ಎಮ್ನಾ ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದಳು. ಸ್ಫಾಕ್ಸ್ ಊರಾಚೆಯ ಉಪ್ಪು ಬಯಲಿನಲ್ಲಿ ಇಪ್ಪತ್ತೆರಡು ವರ್ಷ ಇರುವೆಗಳ ಹಿಂದೆ ತೆವಳಿದ ವಿಜ್ಞಾನಿ ಅವಳು. ಈ ಪುಸ್ತಕ ಬರೆದ ಪುಣ್ಯಾತ್ಮ ಯಾವುದೋ ತಂಪು ಕೋಣೆಯಲ್ಲಿ ಕೂತು, ಮರುಭೂಮಿಯ ಇರುವೆ ಹೆಜ್ಜೆ ಎಣಿಸುತ್ತದೆ, ಹಾಗಾಗಿ ದಾರಿ ತಪ್ಪುವುದೇ ಇಲ್ಲ ಎಂದು ಬರೆದುಬಿಟ್ಟಿದ್ದಾನೆ. ತಪ್ಪುವುದೇ ಇಲ್ಲವಂತೆ! ಎಣಿಸುವುದೇನೋ ನಿಜ. ಆದರೆ ಅವಳು ಬೆನ್ನಿಗೆ ಬಣ್ಣದ ಚುಕ್ಕೆಯಿಟ್ಟು, ಎತ್ತಿ ಬೇರೆ ಕಡೆ ಬಿಟ್ಟ ಇರುವೆ ಅಷ್ಟೇ ಹೆಜ್ಜೆ ನಡೆದು, ಗೂಡೇ ಇಲ್ಲದ ಕಡೆ ನಿಲ್ಲುತ್ತಿತ್ತು. ಆಮೇಲೆ ಸುತ್ತುತ್ತಿತ್ತು. ಅವಳ ಟಿಪ್ಪಣಿಯಲ್ಲಿ ‘ಮರಳಿಲ್ಲ’ ಎಂಬ ಸಾಲುಗಳೇ ಹೆಚ್ಚು.

ತಲೆ ಕೆಡಿಸಿದ್ದು ಅದೊಂದೇ ಅಲ್ಲ. ಇದೇ ಪುಸ್ತಕದ ನಕ್ಷತ್ರಗಳ ಅಧ್ಯಾಯ ಓದಿ ಮೊನ್ನೆ ಅವಳು ಕಣ್ಣೊರೆಸಿಕೊಂಡಿದ್ದಳು. ತನಗೆ ಗೊತ್ತಿರುವ ಇರುವೆಯ ಹದಿನಾಲ್ಕು ಪುಟದಲ್ಲೇ ಒಂಬತ್ತು ತಪ್ಪಾದರೆ, ಗೊತ್ತಿಲ್ಲದ ಮುನ್ನೂರು ಪುಟದಲ್ಲಿ ಎಷ್ಟೋ! ಹಾಗಾದರೆ ತಾನು ಅತ್ತದ್ದು ಯಾವ ಸುಳ್ಳಿಗೆ? ಅವಳಿಗೆ ತಳಬುಡ ತಿಳಿಯಲಿಲ್ಲ.

ಇನ್ನು ಅವಳ ಅಪ್ಪ ಮೊಂಗಿ. ಮೂವತ್ತು ವರ್ಷ ಗಾಬೆಸ್ ದಾರಿಯಲ್ಲಿ ಬಾಡಿಗೆ ವ್ಯಾನು ಓಡಿಸಿದ ಮನುಷ್ಯ, ಹೋದ ಚಳಿಗಾಲದಿಂದ ಬೀದಿಯ ಕೆಫೆಯಿಂದ ಮನೆಗೆ ಬರುವ ದಾರಿಯನ್ನೇ ಮರೆಯತೊಡಗಿದ್ದ. ಹಾಗಿರುವಾಗ, ಎಮ್ನಾ ಓದುವ ಮೊದಲೇ, ಈ ಪುಸ್ತಕ ಅವನ ಕೈಗೆ ಸಿಕ್ಕಿತ್ತು.

“ನೀನು ಏನು ಕೆಲಸ ಮಾಡ್ತೀಯ ಅಂತ ಈಗ ಗೊತ್ತಾಯ್ತು ಕಣೇ,” ಎಂದಿದ್ದ. “ನೀನು ಹೇಳಿದಾಗ ಒಂದಕ್ಷರ ತಲೆಗೆ ಹೋಗಿರ್ಲಿಲ್ಲ. ಕೆಫೆಯಿಂದ ನೆಟ್ಟಗೆ ನಾನೂರ ಹನ್ನೆರಡು ಹೆಜ್ಜೆ, ಎಡಕ್ಕೆ ನಮ್ಮ ನೀಲಿ ಬಾಗಿಲು. ನಾನೂ ಇರುವೆ!”

ಅಂದಿನಿಂದ ಒಂದು ತಿಂಗಳು ಒಮ್ಮೆಯೂ ದಾರಿ ತಪ್ಪಿರಲಿಲ್ಲ. ಅವನಿಗೆ ನಿಜ ಹೇಳುವುದು ಹೇಗೆ? ಹೇಳದಿದ್ದರೆ ತಾನೆಂಥ ವಿಜ್ಞಾನಿ?

ಶುಕ್ರವಾರ ಮಧ್ಯಾಹ್ನ ಬಿಸಿಲು ಸುಡುತ್ತಿತ್ತು. ಅಪ್ಪನನ್ನು ಕರೆತರಲು ಅವಳು ಕಾರು ತೆಗೆದುಕೊಂಡು ಕೆಫೆಗೆ ಹೋದಳು.

“ಬನ್ನಿ ಡಾಕ್ಟರಮ್ಮ,” ಎಂದ ಕೆಫೆಯ ಲಸಾದ್. “ನಿಮ್ಮಪ್ಪ ಹೊರಟರೆ ಸಲಾಮಿಗೂ ಉತ್ತರ ಕೊಡಲ್ಲ. ಎಣಿಕೆ ತಪ್ಪುತ್ತಂತೆ!”

“ಹೊಟ್ಟೆಕಿಚ್ಚು ಅವನಿಗೆ. ಹತ್ತರ ಮೇಲೆ ಎಣಿಸೋಕೆ ಬರಲ್ಲ,” ಎನ್ನುತ್ತ ಮೊಂಗಿ ಕಾರು ಹತ್ತಿದ.

ದಾರಿಯಲ್ಲಿ ರೊಟ್ಟಿ ಅಂಗಡಿಯ ಮುಂದೆ ಕಾರು ನಿಲ್ಲಿಸಿ ಅವಳು ಒಳಗೆ ಹೋದಳು. ಹೊರಗೆ ಬಂದರೆ ಕಾರು ಖಾಲಿ! ರಸ್ತೆಯ ಆಚೆ ಬದಿಯಲ್ಲಿ ಅಪ್ಪ ತುಟಿ ಅಲ್ಲಾಡಿಸುತ್ತ ನೆಟ್ಟಗೆ ನಡೆಯುತ್ತಿದ್ದ.

ಕೂಗಬೇಕಿತ್ತು. ಕೂಗಲಿಲ್ಲ. ನಡೆಯುತ್ತಿರುವುದನ್ನು ತಡೆಯದೆ ಹಿಂಬಾಲಿಸುವುದು ಇಪ್ಪತ್ತೆರಡು ವರ್ಷದ ಚಾಳಿ. ಅವನು ಟೈರು ಅಂಗಡಿಯ ಮುಚ್ಚಿದ ಬಾಗಿಲ ಮುಂದೆ ನಿಂತ. ಎಡಕ್ಕೆ ನೋಡಿದ. ಸಣ್ಣದೊಂದು ಸುತ್ತು ಹಾಕಿ ಅಲ್ಲಿಗೇ ಬಂದ. ಆಮೇಲೆ ಇನ್ನೂ ದೊಡ್ಡದೊಂದು ಸುತ್ತು. ಥೇಟ್ ಹಾಗೇ ಎಂದುಕೊಂಡಳು ಎಮ್ನಾ. ಹಾಗೆಂದುಕೊಂಡದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ರೊಟ್ಟಿ ಎಸೆದು ಓಡಿ ಹೋಗಿ ಅಪ್ಪನ ಕೈ ಹಿಡಿದಳು.

“ನಾನು ಲೆಕ್ಕ ತಪ್ಪಿಲ್ಲ ಮಗಳೇ,” ಎಂದ ಮೊಂಗಿ. “ಸರಿಯಾಗಿ ನಾನೂರ ಹನ್ನೆರಡು. ಮನೆ ಎಲ್ಲಿ ಹೋಯ್ತು?”

“ನಿನ್ನ ಲೆಕ್ಕ ಸರಿ ಬಾಬಾ. ಎತ್ತಿ ತಂದು ಬೇರೆ ಕಡೆ ಬಿಟ್ಟವಳು ನಾನು.”

“ಹೀಗಾದಾಗ ಇರುವೆ ಏನ್ಮಾಡುತ್ತೆ? ಅದನ್ನ ಬರೆದೇ ಇಲ್ವಲ್ಲ ಅವನು.”

“ಸುತ್ತುತ್ತೆ. ನೀನು ಸುತ್ತಿದ ಹಾಗೇ.”

“ಮನೆ ಸಿಗುತ್ತಾ ಅದಕ್ಕೆ?”

ಗೂಡಿಗೆ ಮರಳದ ಎಷ್ಟೋ ಇರುವೆಗಳ ಬೆನ್ನ ಮೇಲಿನ ಚುಕ್ಕೆಯ ಬಣ್ಣ ಅವಳಿಗೆ ಇನ್ನೂ ನೆನಪಿತ್ತು.

“ಸಿಗುತ್ತೆ ಬಾಬಾ. ಸಿಕ್ಕೇ ಸಿಗುತ್ತೆ.”

“ನೋಡಿದ್ಯಾ,” ಎಂದ ಮೊಂಗಿ ಅವಳ ತೋಳಿಗೆ ಆತುಕೊಂಡು. “ಆ ಪುಸ್ತಕದವನು ಸುಳ್ಳು ಹೇಳೋನಲ್ಲ.”