ಖೇಣಿಗೆ ಹಿಡಿದ ಲ್ಯಾಪ್‌ಟಾಪ್

ಬೆನಕಪ್ಪನವರು ಚನ್ನಗಿರಿ ಸೀಮೆಯ ಹೆಸರಾದ ಖೇಣಿದಾರರು. ಅಡಿಕೆ ಇನ್ನೂ ಮರದ ಮೇಲಿರುವಾಗಲೇ ತೋಟದೊಳಗೆ ಒಂದು ಸುತ್ತು ಹಾಕಿ, ಗೊನೆಗಳತ್ತ ಕತ್ತೆತ್ತಿ, ಇಡೀ ಫಸಲಿಗೆ ಒಂದು ದರ ಹೇಳಿ, ತೋಟದವನ ಕೈಗೆ ಕೈ ಬಡಿಯುತ್ತಾರೆ. ಅಲ್ಲಿಗೆ ಮುಗಿಯಿತು. ಆಮೇಲೆ ಕೊಳೆರೋಗ ಬರಲಿ, ಗಾಳಿಗೆ ಉದುರಲಿ, ಮಾತು ಹಿಂದಕ್ಕೆ ತೆಗೆದುಕೊಂಡ ಖೇಣಿದಾರನಿಗೆ ಮರುವರ್ಷ ಯಾರೂ ತೋಟದ ಗೇಟು ತೆಗೆಯುವುದಿಲ್ಲ.

ಲ್ಯಾಪ್‌ಟಾಪನ್ನೂ ಅವರು ಹಾಗೇ ತಂದರು.

ಬೇಕಾಗಿದ್ದದ್ದು ಸೊಸೆ ಕಲ್ಪನಾಗೆ. ಬಿಸಿಎ ಓದಿದವಳು. ಯಾರು ಬೇಕಾದರೂ ಬಿಚ್ಚಿ ನೋಡಿ ತಿದ್ದಬಹುದಾದ ಓಪನ್ ಸೋರ್ಸ್ ತಂತ್ರಾಂಶಗಳನ್ನು ಕನ್ನಡದಲ್ಲಿ ಮಾಡುವ ಒಂದು ತಂಡ, ಮನೆಯಲ್ಲೇ ಕೂತು ಕೆಲಸ ಮಾಡುವವರನ್ನು ಆರಿಸುತ್ತಿತ್ತು. ಕಂಪ್ಯೂಟರನ್ನು ನಡೆಸುವ ಉಚಿತ ತಂತ್ರಾಂಶ ಲಿನಕ್ಸ್ ಹಾಕಿದ ಸ್ವಂತ ಯಂತ್ರದಲ್ಲಿ ಅವರ ತಂತ್ರಾಂಶಕ್ಕೆ ಒಂದು ತಿದ್ದುಪಡಿ ಮಾಡಿ ಭಾನುವಾರದೊಳಗೆ ಕಳಿಸಬೇಕು. ಹೊರಗೆ ಹೋಗಿ ದುಡಿಯುವ ಸೊಸೆ ಈ ಮನೆಯಲ್ಲಿ ಇದುವರೆಗೆ ಆಗಿಲ್ಲ. ಓಪನ್ ಇದ್ದದ್ದು ಸೋರ್ಸು ಮಾತ್ರ, ಉಳಿದ ಬಾಗಿಲೆಲ್ಲ ಮುಚ್ಚಿದ್ದವು.

"ಹೊಸದು ಬ್ಯಾಡ ಮಾವ, ಹಳೇದೇ ಸಾಕು. ಹೊಳಪು ನೋಡಬ್ಯಾಡ್ರಿ. ಈ ಪೆನ್‌ಡ್ರೈವ್ ಹಾಕಿದ್ರೆ ಇದರಿಂದ ಶುರುವಾಗ್ತೈತಾ ಅಂತ ಅಂಗಡಿಯೋರ ಕೈಲಿ ನೋಡ್ಸಿ ತಗಂಬರ್ರಿ," ಎಂದು ಲಿನಕ್ಸ್ ತುಂಬಿದ ಪೆನ್‌ಡ್ರೈವ್ ಕೊಟ್ಟು ಕಳಿಸಿದಳು. ತಾನೇ ಬರುತ್ತೇನೆಂದಿದ್ದಕ್ಕೆ, "ಹೊನ್ನಾಳಿಗೆ ನೀನ್ಯಾಕವ್ವ ಈ ಬಿಸಿಲಾಗೆ?" ಎಂಬ ಉತ್ತರ ಬಂದಿತ್ತು. ಆ ಮನೆಯಲ್ಲಿ ಬೇಡ ಎನ್ನಬೇಕಾದಾಗಲೆಲ್ಲ ಬಿಸಿಲೋ ಮಳೆಯೋ ಬರುತ್ತಿತ್ತು.

ಹೊನ್ನಾಳಿಯ ಹಳೆ ಕಂಪ್ಯೂಟರ್ ಅಂಗಡಿಯಲ್ಲಿ ಮಾವ ಸಾಲಾಗಿಟ್ಟ ಲ್ಯಾಪ್‌ಟಾಪುಗಳ ಮುಂದೆ ಒಂದು ಸುತ್ತು ಹಾಕಿದರು, ಒಂದೊಂದನ್ನೇ ಎತ್ತಿ ತೂಕ ನೋಡಿದರು, ಬೆನ್ನು ತಟ್ಟಿದರು. ಜೊತೆಗೆ ಹೋಗಿದ್ದ ಗಂಡ ಸಿದ್ದಲಿಂಗೇಶ್ ಆಮೇಲೆ ಅಡುಗೆಮನೆಯಲ್ಲಿ ಅಂಗಡಿಯವನ ಮೂಗುದನಿಯನ್ನೇ ತೆಗೆದು ತೋರಿಸಿದ:

"'ಯಜಮಾನ್ರೇ, ಕಂಪ್ನಿ ಮಾಲು, ದೊಡ್ಡ ಸಾಹೇಬ್ರು ಮುಟ್ಟಿದ್ದು, ಸಣ್ಣೋರು ಮುಟ್ಟೇ ಇಲ್ಲ!' ಅಂದ ನೋಡು, ಅಪ್ಪ ಟಪ್ ಅಂತ ಕೈಗೆ ಕೈ ಕೊಟ್ರು."

"ಪೆನ್‌ಡ್ರೈವ್ ಹಾಕಿ ನೋಡಿದ್ರಾ?"

"ಅಪ್ಪನ ಜೇಬಾಗೇ ಐತೆ. ಖೇಣಿ ಹಿಡಿಯೋನು ಗೊನೆ ಕೊಯ್ಸಿ ನೋಡ್ತಾನೇನೇ? ತೋಟದೋನಿಗೆ ಅವಮಾನ ಅಲ್ವಾ?"

ಮಾವ ಕೈಗೆ ಕೈ ಕೊಟ್ಟರು, ಲ್ಯಾಪ್‌ಟಾಪು ಕೈ ಕೊಟ್ಟಿತು. ಪೆನ್‌ಡ್ರೈವ್‌ನಿಂದ ಶುರು ಮಾಡಲು ಹೋದರೆ ಪರದೆಯ ಮೇಲೆ ಒಂದು ಬೀಗದ ಚಿತ್ರ ಬಂದು ಪಾಸ್‌ವರ್ಡ್ ಕೇಳಿತು. ಅದು ಹಿಂದಿನ ಕಂಪನಿಯವರು ಹಾಕಿಟ್ಟಿದ್ದ ಬೀಗ. ಒಳಗಿನ ಡಿಸ್ಕ್ ಬಿಟ್ಟು ಬೇರೆಲ್ಲಿಂದಲೂ ಯಂತ್ರ ಎಚ್ಚರಾಗದಂತೆ ಕಾಯುತ್ತಿತ್ತು. ಅಂಗಡಿಗೆ ಫೋನು ಮಾಡಿದಳು. "ಪಾಸ್‌ವರ್ಡ್ ನಮಗೆಲ್ಲಿ ಗೊತ್ರೀ? ತಂದ್ಕೊಡ್ರಿ, ಬೇರೇದು ಕೊಡ್ತೀವಿ," ಎಂದ ಅಂಗಡಿಯವನು.

"ವಾಪಸ್ಸಾ?" ಮಾವ ತಟ್ಟೆಯಿಂದ ತಲೆ ಎತ್ತಿದರು. "ಬೆನಕಪ್ಪ ಕೈ ಕೊಟ್ಟಿದ್ದ ಮಾಲು ವಾಪಸ್ ತಂದ ಅಂತ ಹೊನ್ನಾಳಿ, ನ್ಯಾಮತಿ ಎಲ್ಲಾ ಮಾತಾಗ್ಬೇಕೇನವ್ವ? ಆನ್ ಆಗ್ತೈತಲ್ಲ, ಲೈಟು ಬರ್ತೈತಲ್ಲ? ಅದ್ರಾಗೇ ಹೆಂಗೋ ಮಾಡ್ಕ."

"ಅಷ್ಟು ಪ್ರೀತಿಯಿಂದ ತಂದಾರೆ," ಎಂದರು ಅತ್ತೆ ಪ್ರೇಮಮ್ಮ, ಸಾರು ಬಡಿಸುತ್ತಾ.

ಅದೂ ನಿಜವೇ. ಬೈದು ತಂದುಕೊಟ್ಟಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ಎರಡು ದಿನ ಅವಳು ಆ ಬೀಗದ ಚಿತ್ರವನ್ನೇ ನೋಡುತ್ತ ಕೂತಳು. ಶನಿವಾರ ರೊಟ್ಟಿ ತಟ್ಟುವಾಗ ಹೊಳೆಯಿತು: ಒಳಗಿನ ಡಿಸ್ಕಿನಿಂದ ಶುರುವಾಗಲು ಬೀಗದ ಅಡ್ಡಿಯಿಲ್ಲವಲ್ಲ. ಆ ಡಿಸ್ಕನ್ನೇ ಹೊರಗೆ ತೆಗೆದು, ಬೇರೆ ಕಂಪ್ಯೂಟರಿಗೆ ಸಿಕ್ಕಿಸಿ, ಅಲ್ಲಿ ಲಿನಕ್ಸ್ ತುಂಬಿ ಮತ್ತೆ ಒಳಗಿಟ್ಟರೆ? ಬೇರೆ ಕಂಪ್ಯೂಟರ್ ಇದ್ದದ್ದು ಒಂದೇ ಕಡೆ, ಮನೆ ಹಿಂದಿನ ಅಡಿಕೆ ಶೆಡ್ಡಿನಲ್ಲಿ. ಮನೆಯ ಹೆಂಗಸರು ಅಲ್ಲಿಗೆ ಹೋಗುವ ರೂಢಿಯಿರಲಿಲ್ಲ. ಮಾವ ತೋಟ ನೋಡಲು ಜಗಳೂರಿನ ಕಡೆ ಹೋಗಿದ್ದರು. ಹೊಲಿಗೆ ಮೆಷಿನ್ನಿನ ಸ್ಕ್ರೂಡ್ರೈವರ್ ಹಿಡಿದು ಹೋದಳು.

ಅವಳು ಶೆಡ್ಡಿನ ಕಂಪ್ಯೂಟರಿನ ಡಬ್ಬಿ ಬಿಚ್ಚಿ ಮೊದಲ ವೈರು ಕೀಳುತ್ತಿದ್ದಂತೆ ಗುಮಾಸ್ತ ಓಂಕಾರ್ ಎದ್ದು ನಿಂತ.

"ಅಕ್ಕಾರೇ, ವರ್ಷದ ಲೆಕ್ಕೆಲ್ಲ ಅದ್ರಾಗೈತ್ರೀ! ಯಜಮಾನ್ರು ನನ್ನ ಸುಲ್ದು, ಬೇಯ್ಸಿ, ಒಣಗಾಕ್ತಾರೆ!"

"ನಿಮ್ಮ ಲೆಕ್ಕ ಕೆಡಬಾರ್ದು ಅಂತಾನೇ ಅದಿರೋ ಡಿಸ್ಕಿನ ವೈರು ಕಿತ್ತಿದ್ದು ಓಂಕಾರಣ್ಣ. ಕೂತ್ಕಳ್ರಿ."

ಅಡಿಕೆ ಸುಲಿಯುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ನೋಡಿದರು. ಆ ವೈರಿಗೆ ಲ್ಯಾಪ್‌ಟಾಪಿನ ಡಿಸ್ಕ್ ಸಿಕ್ಕಿಸಿ, ಪೆನ್‌ಡ್ರೈವ್ ಹಾಕಿದಳು. ಲಿನಕ್ಸ್ ಎಷ್ಟು ತುಂಬಿತೆಂದು ತೋರಿಸುವ ಗೆರೆ ಪರದೆಯ ಮೇಲೆ ಆಮೆಯಂತೆ ತುದಿ ಮುಟ್ಟಿತು. ಡಿಸ್ಕನ್ನು ಲ್ಯಾಪ್‌ಟಾಪಿನೊಳಗೆ ಕೂರಿಸಿ ಕೊನೆಯ ಸ್ಕ್ರೂ ತಿರುಗಿಸುವಾಗ ಬಾಗಿಲಲ್ಲಿ ಮಾವ ನಿಂತಿದ್ದರು, ಹೊಟ್ಟೆ ಬಗೆದ ತಮ್ಮ ಕಂಪ್ಯೂಟರನ್ನು ನೋಡುತ್ತ. ಕಲ್ಪನಾ ಬಟನ್ ಒತ್ತಿದಳು. ಬೀಗ ಬರಲಿಲ್ಲ. ನೀಲಿ ಪರದೆಯ ಮೇಲೆ 'ಸುಸ್ವಾಗತ' ಎಂಬ ಕನ್ನಡ ಪದ ಮೂಡಿತು.

ಮಾವ ಬಗ್ಗಿ ನೋಡಿದರು. ಮುಖ ಅರಳಿತು.

"ನಾನು ಹೇಳ್ಲಿಲ್ವಾ, ಮಾಲು ಗಟ್ಟಿ ಐತೆ ಅಂತ! ಲೇ ಓಂಕಾರಾ, ನೋಡ್ಕಳಲೇ. ಇಂಥೋಳ್ನ ಮನೆಯಾಗೆ ಇಟ್ಕಂಡು ನಿಂಗೆ ಸಂಬಳ ಕೊಡ್ತಿದ್ದೀನಿ. ಸೋಮವಾರದಿಂದ ಲೆಕ್ಕ ಎಲ್ಲ ನಮ್ಮ ಸೊಸೆನೇ ನೋಡ್ತಾಳೆ. ಯಾರೋ ಊರೋರ ಕೆಲ್ಸ ಮಾಡಾಕೆ ಯಾಕೆ ಹೋಗ್ಬೇಕು?"

ಓಂಕಾರನ ಮುಖ ಬಿಳಿಚಿತು. ಕಲ್ಪನಾಳ ನಾಲಿಗೆ ತುದಿಗೆ "ಆಗ್ಲಿ ಮಾವ" ತಾನಾಗಿಯೇ ಬಂದಿತ್ತು. ನುಂಗಿದಳು.

"ನಾನು ಅವರಿಗೆ ಮಾತು ಕೊಟ್ಟೀನಿ ಮಾವ. ಹಿಂದಕ್ಕೆ ತಗಳಾಕೆ ಆಗಲ್ಲ."

ಮಾವ ನಕ್ಕರು. ಸಿಟ್ಟಿಲ್ಲದ, ಮಕ್ಕಳ ಮಾತಿಗೆ ನಗುವಂಥ ನಗು.

"ಅದು ವ್ಯಾಪಾರಸ್ಥ ಗಂಡಸ್ರ ಮಾತವ್ವ," ಎಂದು ಕಾಲು ತೊಳೆಯಲು ಬಚ್ಚಲ ಕಡೆ ನಡೆದರು.

ಹೆಂಗಸರು ಮತ್ತೆ ಸುಲಿಯತೊಡಗಿದರು. ಓಂಕಾರ್ ಅವಳತ್ತ ನೋಡದೆ ಕಿತ್ತ ವೈರನ್ನು ಸಿಕ್ಕಿಸತೊಡಗಿದ. ಕಲ್ಪನಾ ಅಡಿಕೆ ಚೀಲದ ಮೇಲೆ ಕೂತು, ಮೊಬೈಲಿನ ಇಂಟರ್‌ನೆಟ್ಟಿಗೆ ಜೋಡಿಸಿ, ತಿದ್ದುಪಡಿ ಶುರು ಮಾಡಿದಳು. ಬೆಳಕು ಇಳಿಯುವಾಗ ಒಳಗಿನಿಂದ ಅತ್ತೆ ಕೂಗಿದರು, "ಕಲ್ಪನಾ, ಮಾವಂಗೆ ಚಾ!"

"ಬಂದೇ ಅತ್ತೆ," ಎಂದಳು. ಏಳಲಿಲ್ಲ.

'ಕಳಿಸಲೇ?' ಎಂದು ಪರದೆ ಕೇಳಿತು. ಒತ್ತಿದಳು. ಉತ್ತರ ಬರಲು ಇನ್ನೊಂದು ವಾರವಿತ್ತು. ಸೋಮವಾರ ಬರಲು ಒಂದೇ ದಿನ.