ಒಮ್ಮತದ ಅಭಿಪ್ರಾಯ

ಗಿರಿಜಾಂಬಿಕಾ ತಿಪಟೂರಿನ ಹೈಸ್ಕೂಲೊಂದರಲ್ಲಿ ಇಪ್ಪತ್ತಾರು ವರ್ಷದಿಂದ ಕನ್ನಡ ಪಾಠ ಹೇಳುತ್ತಿದ್ದಳು. ಊರಿನಲ್ಲಿ ಯಾರದಾದರೂ ಲಗ್ನಪತ್ರಿಕೆಯ ಕಾಗುಣಿತ ತಿದ್ದಬೇಕಾದರೆ, ಸನ್ಮಾನಪತ್ರ ಬರೆಯಬೇಕಾದರೆ ಜನ ಅವಳ ಮನೆಗೇ ಬರುತ್ತಿದ್ದರು. ಹಾಗಾಗಿ ಬೆಂಗಳೂರಿನ ಪ್ರತಿಷ್ಠಾನವೊಂದು ತನ್ನ ಕಾದಂಬರಿ ಪ್ರಶಸ್ತಿಯ ಅಂತಿಮ ಸುತ್ತಿಗೆ ಬಂದ ಐದು ಪುಸ್ತಕಗಳನ್ನು ಊರೂರಿನ ಓದುಗರ ಬಳಗಗಳಿಗೆ ಕಳಿಸಿ ಅಭಿಪ್ರಾಯ ಕೇಳಿದಾಗ, ತಿಪಟೂರಿನ ಬಳಗದ ಪರವಾಗಿ ಬರೆಯುವ ಕೆಲಸ ತಾನಾಗಿಯೇ ಅವಳ ಪಾಲಿಗೆ ಬಂತು.

ಬಳಗವೆಂದರೆ ನಾಲ್ಕೇ ಜನ. ಸ್ಟೇಷನ್ ರಸ್ತೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದ ರುದ್ರೇಶ್, ಬಿ.ಎಡ್ ಓದುತ್ತಿದ್ದ ಲಿಖಿತಾ, ಹೊನ್ನವಳ್ಳಿಯಿಂದ ಟಿವಿಎಸ್ ಮೇಲೆ ಬರುತ್ತಿದ್ದ ನಿವೃತ್ತ ಬಸ್ ಕಂಡಕ್ಟರ್ ಬೋರಯ್ಯ, ಮತ್ತೆ ಇವಳು. ಭಾನುವಾರ ಬೆಳಿಗ್ಗೆ ರುದ್ರೇಶನ ಅಂಗಡಿಯ ಅಟ್ಟದ ಮೇಲೆ ಕಾಗದದ ಬಂಡಲುಗಳ ಮಧ್ಯೆ ಕೂತು ಓದಿದ್ದನ್ನು ಮಾತಾಡುತ್ತಿದ್ದರು.

ಐದರಲ್ಲಿ ನಾಲ್ಕು ಪುಸ್ತಕಗಳ ಬಗ್ಗೆ ಜಗಳ ಬೇಕಾದಷ್ಟಾಯಿತು. ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ನಡೆಯುವ ಒಂದು ಕಾದಂಬರಿಯನ್ನು ಲಿಖಿತಾ ಹೊಗಳಿದಳು. ಬೋರಯ್ಯನವರು ಅದನ್ನು ಮೇಜಿನ ಮೇಲಿಟ್ಟು, "ಇನ್ನೂರು ಪುಟ ಓದಿದ್ರೂ ಒಬ್ರೂ ಒಂದು ತುತ್ತು ಉಣ್ಣಲಿಲ್ಲ ಕಣವ್ವ. ಬರೀ ಕಾಫಿ ಕುಡೀತಾರೆ," ಎಂದರು. ಉಳಿದದ್ದು ಐದನೆಯದು, 'ಆರೂವರೆ ಬಸ್ಸು'. ಬರೆದವರ ಹೆಸರು ಗಂಗಾ ಹುಳಿಯಾರು ಎಂದಿತ್ತು. ಅಂಗನವಾಡಿ ಕಾರ್ಯಕರ್ತೆ, ಇದು ಮೊದಲ ಪುಸ್ತಕ, ಎಂದಷ್ಟೇ ಹಿಂಬದಿಯಲ್ಲಿತ್ತು. ಅದನ್ನು ಮುಂದಿನ ವಾರಕ್ಕೆ ಇಟ್ಟುಕೊಂಡರು.

ಶನಿವಾರ ಸ್ಕೂಲು ಮುಗಿಸಿ ಬಂದು ಗಿರಿಜಾಂಬಿಕಾ ಅದನ್ನು ಹಿಡಿದು ಕೂತಳು. ಗಂಡ ರೇಣುಕಪ್ರಸಾದ್ ಮಂಡಿಗೆ ಹೋಗಿದ್ದ. ಹುಳಿಯಾರಿನ ಹತ್ತಿರದ ಹಟ್ಟಿಯೊಂದರಿಂದ ದಿನಾ ಬೆಳಿಗ್ಗೆ ಬಸ್ಸು ಹಿಡಿದು ತಿಪಟೂರಿಗೆ ಪಿಯುಸಿ ಓದಲು ಬರುವ ಹುಡುಗಿಯ ಕತೆ. ಬುತ್ತಿಯ ರಾಗಿಮುದ್ದೆ ಬಿಚ್ಚಲು ನಾಚಿ ಕಾಲೇಜಿನ ಹಿಂದಿನ ನೀರಿನ ತೊಟ್ಟಿಯ ಹತ್ತಿರ ಕೂತು ಉಣ್ಣುವುದು ಬಂದಾಗ ಗಿರಿಜಾಂಬಿಕಾಳಿಗೆ ಏನೋ ಕಸಿವಿಸಿಯಾಯಿತು. ನೂರನಾಲ್ಕನೆಯ ಪುಟದಲ್ಲಿ ಚಂದ್ರಿಕಾ ಎಂಬ ಗೆಳತಿ, "ನನ್ನ ಕಾರ್ಡಲ್ಲಿ ಆಗಲೇ ಎರಡು ಪುಸ್ತಕ ಇದಾವೆ ಕಣೇ, ನಿನ್ನ ಕಾರ್ಡ್ ಕೊಡೇ," ಎಂದು ಲೈಬ್ರರಿಯ ಮುಂದೆ ಕೈ ಚಾಚುತ್ತಾಳೆ. ಅಲ್ಲಿಗೆ ಬಂದಾಗ ಗಿರಿಜಾಂಬಿಕಾ ಪುಸ್ತಕ ಮುಚ್ಚಿದಳು.

ಗಂಗಾ ಹುಳಿಯಾರು ಬೇರೆ ಯಾರೂ ಅಲ್ಲ, ಪಿಯುಸಿಯಲ್ಲಿ ತನ್ನ ಜೊತೆ ಓದಿದ ಸಿದ್ದಗಂಗಮ್ಮ.

ಮೂವತ್ತೆರಡು ವರ್ಷದ ಹಿಂದೆ ಆ ಕಾರ್ಡಿನ ಮೇಲೆ ಅರ್ಥಶಾಸ್ತ್ರದ ದಪ್ಪ ಪುಸ್ತಕ ತೆಗೆದುಕೊಂಡು ಹೋದವಳು ಇವಳೇ. ಪರೀಕ್ಷೆಗೆ ಹತ್ತಿರವಾಗಿತ್ತು. ಬರೆದುಕೊಳ್ಳಲು ಬೇಜಾರಾಗಿ, ಅಪ್ಪನ ಶೇವಿಂಗ್ ಬ್ಲೇಡಿನಿಂದ ಹದಿನಾಲ್ಕು ಹಾಳೆ ನಯವಾಗಿ ಕೊಯ್ದುಕೊಂಡು ಪುಸ್ತಕವನ್ನು ಸಿದ್ದಗಂಗಮ್ಮನ ಕೈಗೆ ವಾಪಸು ಕೊಟ್ಟಿದ್ದಳು. ಲೈಬ್ರರಿಯಲ್ಲಿ ಅದು ಗೊತ್ತಾಯಿತು. ಕಾರ್ಡು ಸಿದ್ದಗಂಗಮ್ಮನದು. ಅವಳು ಗೆಳತಿಯ ಹೆಸರು ಹೇಳಿದಳು. ಪ್ರಿನ್ಸಿಪಾಲರು ಗಿರಿಜಾಂಬಿಕಾಳನ್ನು ಕರೆಸಿ, "ನಿನಗೇನಾದರೂ ಗೊತ್ತಾ?" ಎಂದು ಕೇಳಿದರು. ಕೊಬ್ಬರಿ ವರ್ತಕರ ಮಗಳನ್ನು ಅವರು ಗದರಿಸಿ ಕೇಳಲಿಲ್ಲ.

"ಗೊತ್ತಿಲ್ಲ ಸಾರ್," ಎಂದಿದ್ದಳು.

ಪರೀಕ್ಷೆಯ ಹಿಂದಿನ ದಿನ ಸಿದ್ದಗಂಗಮ್ಮನ ತಾಯಿ ಕೆಂಪಕ್ಕ ಹಟ್ಟಿಯಿಂದ ಬಂದಳು. ಬಸ್‌ಸ್ಟ್ಯಾಂಡಿನಿಂದ ಬರಿಗಾಲಲ್ಲಿ ನಡೆದು ಬಂದಿದ್ದಳು. ಹಾಲ್ ಟಿಕೆಟ್ ಕೊಡುವುದಿಲ್ಲ, ನಿಮ್ಮ ಮಗಳು ಕಳ್ಳತನ ಮಾಡಿದ್ದಾಳೆ ಎಂದು ಪ್ರಿನ್ಸಿಪಾಲರು ಹೇಳಿದ್ದನ್ನು ಕೈಮುಗಿದುಕೊಂಡೇ ಕೇಳಿದಳು. ಆಮೇಲೆ ಹೊರಗೆ ಬಂದು ಪಡಸಾಲೆಯಲ್ಲಿ, ಎಲ್ಲರೂ ನೋಡುತ್ತಿದ್ದಂತೆ, ಮಗಳ ಕೆನ್ನೆಗೆ ಹೊಡೆದಳು. ಗಿರಿಜಾಂಬಿಕಾ ಕ್ಲಾಸಿನ ಕಿಟಕಿಯಿಂದ ನೋಡಿದಳು. ಆ ಹದಿನಾಲ್ಕು ಹಾಳೆಗಳು ಆಗ ಅವಳ ಚೀಲದಲ್ಲೇ ಇದ್ದವು. ಸಿದ್ದಗಂಗಮ್ಮ ಮತ್ತೆ ಕಾಲೇಜಿಗೆ ಬರಲಿಲ್ಲ.

ಪುಸ್ತಕವನ್ನು ಮತ್ತೆ ತೆರೆದು ಓದಿದರೆ, ಹೆಚ್ಚುಕಡಿಮೆ ಇದೆಲ್ಲ ಕಾದಂಬರಿಯಲ್ಲಿತ್ತು. ಆದರೆ ಕೊನೆಯ ಅಧ್ಯಾಯ ಬೇರೆಯಾಗಿತ್ತು. ಅದರಲ್ಲಿ ತಾಯಿ ಮಗಳು ಹೊರಟುಹೋದ ಮೇಲೆ ಚಂದ್ರಿಕಾ ಆ ಹಾಳೆಗಳನ್ನು ಹಿಡಿದುಕೊಂಡು ಪ್ರಿನ್ಸಿಪಾಲರ ಕೋಣೆಗೆ ನುಗ್ಗುತ್ತಾಳೆ. "ಕೊಯ್ದಿದ್ದು ನಾನು," ಎನ್ನುತ್ತಾಳೆ. ಅಲ್ಲಿಂದ ಬಸ್‌ಸ್ಟ್ಯಾಂಡಿಗೆ ಓಡುತ್ತಾಳೆ. ಅಷ್ಟರಲ್ಲಿ ಬಸ್ಸು ಹೋಗಿರುತ್ತದೆ.

ಮಾರನೆಯ ದಿನ ಅಟ್ಟದ ಮೇಲೆ ಜಗಳವೇ ಇರಲಿಲ್ಲ.

"ನಾನು ಮೂವತ್ತು ವರ್ಷ ಟಿಕೆಟ್ ಹರ್ದಿದೀನಿ ಕಣ್ರೀ," ಎಂದರು ಬೋರಯ್ಯ. "ಹುಳಿಯಾರು ಗಾಡೀಲಿ ಅಂಥಾ ಹುಡುಗೀರು ಎಷ್ಟೋ ಜನ ಬರೋರು. ಬಸ್ಸಿನ ಸಂಗ್ತಿ ಒಂದೂ ಸುಳ್ಳು ಬರ್ದಿಲ್ಲ ಆಯಮ್ಮ. ಕೊನೇಲಿ ಆ ಗೆಳತಿ ಓಡಿ ಬತ್ತಾಳಲ್ಲ, ನಾನೇನಾದ್ರೂ ಆ ಗಾಡೀಲಿ ಇದ್ದಿದ್ರೆ ಸೀಟಿ ಹೊಡ್ದು ನಿಲ್ಲುಸ್ಬುಡ್ತಿದ್ದೆ." ಹೇಳುತ್ತಾ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಲಿಖಿತಾ ಎಂದಳು: "ನಂಗೂ ಆ ಜಾಗಾನೇ ಇಷ್ಟ ಆಯ್ತು ಮೇಡಂ. ಅಷ್ಟು ಅನ್ಯಾಯ ಓದಿ ಓದಿ ಎದೆ ಕಟ್ಟಿರುತ್ತೆ. ಅವಳು ಬಂದು ಹೇಳ್ದಾಗ ಉಸಿರು ಬಂದಂಗಾಗುತ್ತೆ."

"ಹಂಗಾದ್ರೆ ಒಂದನೇ ನಂಬರ್ ಇದಕ್ಕೇ," ಎಂದ ರುದ್ರೇಶ್. "ಒಮ್ಮತ ಅಂತ ಬರ್ಕಳಿ ಮೇಡಂ. ನಿಮಗೂ ಒಪ್ಪಿಗೆ ತಾನೇ?"

ಗಿರಿಜಾಂಬಿಕಾ ಹೌದೆಂದು ತಲೆಯಾಡಿಸಿದಳು.

ಮನೆಗೆ ಬಂದು ಬರೆಯಲು ಕೂತಾಗ ಮೊದಲೆರಡು ಪ್ಯಾರಾ ಎಲ್ಲರೂ ಹೇಳಿದಂತೆಯೇ ಬಂತು. ಆಮೇಲೆ ಕೈ ನಿಂತಿತು. ಈ ಪುಸ್ತಕಕ್ಕೆ ಪ್ರಶಸ್ತಿ ಬಂದರೆ ಪತ್ರಿಕೆಯವರು ಹುಳಿಯಾರಿಗೆ ಹೋಗುತ್ತಾರೆ, ಇದು ನಿಮ್ಮದೇ ಕತೆಯಾ, ಆ ಗೆಳತಿ ಯಾರು ಎಂದು ಕೇಳುತ್ತಾರೆ ಎಂಬ ಹೆದರಿಕೆ ಒಂದು. ಅದಕ್ಕಿಂತ ಹೆಚ್ಚಾಗಿ ಆ ಚಂದ್ರಿಕಾಳ ಮೇಲೆ ಸಿಟ್ಟು. ತಾನು ಮಾಡದೇ ಹೋದದ್ದನ್ನು ಕಾಗದದ ಮೇಲಿನ ಒಂದು ಹುಡುಗಿ ಎರಡೇ ಪುಟದಲ್ಲಿ ಮಾಡಿ ಮುಗಿಸಿದ್ದಳು. ಗಿರಿಜಾಂಬಿಕಾ ಬರೆದಳು:

'ಆದರೆ ಕೊನೆಯಲ್ಲಿ ಗೆಳತಿ ಬಂದು ತಪ್ಪೊಪ್ಪಿಕೊಳ್ಳುವುದು ನಂಬುವಂತಿಲ್ಲ. ಅಂಥವರು ಬದುಕಿನಲ್ಲಿ ಬಾಯಿ ಬಿಡುವುದಿಲ್ಲ. ಲೇಖಕಿ ಸತ್ಯವನ್ನು ಬಿಟ್ಟು ಸಮಾಧಾನವನ್ನು ಆರಿಸಿಕೊಂಡಿದ್ದಾರೆ. ಇದರಿಂದ ಇಡೀ ಕಾದಂಬರಿ ಸಡಿಲವಾಗಿದೆ. ಇದು ನಮ್ಮ ಬಳಗದ ಒಮ್ಮತದ ಅಭಿಪ್ರಾಯ.'

'ಆರೂವರೆ ಬಸ್ಸು' ಕಾದಂಬರಿಯನ್ನು ಮೂರನೆಯ ಸ್ಥಾನಕ್ಕೆ ಹಾಕಿ, ನಾಲ್ವರ ಹೆಸರನ್ನೂ ಬರೆದು ಕಳಿಸಿದಳು.

ಒಂದೂವರೆ ತಿಂಗಳ ಮೇಲೆ ಪ್ರಶಸ್ತಿ ಪ್ರಕಟವಾಯಿತು. ಅಪಾರ್ಟ್‌ಮೆಂಟಿನ ಕಾದಂಬರಿಗೆ ಬಂದಿತ್ತು. ಹದಿನೈದು ದಿನಕ್ಕೆ ಎಲ್ಲ ಬಳಗಗಳ ಅಭಿಪ್ರಾಯ ಅಚ್ಚು ಹಾಕಿದ ಒಂದು ಪುಸ್ತಿಕೆ ರುದ್ರೇಶನ ಅಂಗಡಿಗೆ ಅಂಚೆಯಲ್ಲಿ ಬಂತು. ತೀರ್ಪುಗಾರರ ಮಾತೂ ಅದರಲ್ಲಿತ್ತು. 'ಆರೂವರೆ ಬಸ್ಸು ಕೊನೆಯವರೆಗೂ ನಮ್ಮ ಮುಂದಿತ್ತು. ಆದರೆ ಅದೇ ಸೀಮೆಯ ಓದುಗರಿಗೇ ಅದರ ಮುಕ್ತಾಯ ನಂಬಿಕೆ ಹುಟ್ಟಿಸಿಲ್ಲ ಎಂಬುದನ್ನು ನಾವು ಗಮನಿಸಿದೆವು.'

ಅವತ್ತು ಸಂಜೆ ಗಿರಿಜಾಂಬಿಕಾ ಅಂಗಡಿಗೆ ಹೋದಾಗ ಮೂವರೂ ಇದ್ದರು. ಯಾರೂ ಕೂತುಕೊಳ್ಳಿ ಎನ್ನಲಿಲ್ಲ.

"ಇದು ಯಾರ ಒಮ್ಮತ ಮೇಡಂ?" ಎಂದು ರುದ್ರೇಶ್ ಪುಸ್ತಿಕೆ ಮುಂದೆ ಹಿಡಿದ. "ನಮ್ಮ ಹೆಸರೂ ಹಾಕಿದೀರಲ್ಲ. ನಾವು ಹಿಂಗಂದ್ವಾ?"

"ಇಷ್ಟ ಇಲ್ಲ ಅಂದಿದ್ರೆ ಅಲ್ಲೇ ಹೇಳ್ಬೋದಿತ್ತು. ಜಗಳ ಆಡ್ತಿದ್ವಿ," ಎಂದಳು ಲಿಖಿತಾ.

ಬೋರಯ್ಯನವರು ಮಾತ್ರ ಮೆಲ್ಲಗೆ ಕೇಳಿದರು. "ಏನಾಯ್ತು ಟೀಚರಮ್ಮ? ನೀವು ಹಂಗೆ ಮಾಡೋರಲ್ಲ."

ನೀವು ಹಂಗೆ ಮಾಡೋರಲ್ಲ ಎಂಬ ಮಾತನ್ನು ಅವಳಿಗೆ ತಡೆಯಲಾಗಲಿಲ್ಲ. ಜೆರಾಕ್ಸ್ ಮೆಷಿನ್ ಪಕ್ಕದಲ್ಲಿ ನಿಂತೇ ಎಲ್ಲವನ್ನೂ ಹೇಳಿದಳು. ಬ್ಲೇಡು, ಹದಿನಾಲ್ಕು ಹಾಳೆ, ಗೊತ್ತಿಲ್ಲ ಸಾರ್ ಎಂದದ್ದು, ಪಡಸಾಲೆಯ ಪೆಟ್ಟು. ಗಂಡನಿಗೂ ಹೇಳದ ಸಂಗತಿ. ಹೇಳಿದ ಮೇಲೆ ಹಗುರಾಗಬಹುದು ಎಂದುಕೊಂಡಿದ್ದಳು, ಆಗಲಿಲ್ಲ. ಲಿಖಿತಾ ನೆಲ ನೋಡುತ್ತಿದ್ದಳು.

"ಅಂದ್ರೆ ಆಯಮ್ಮನ ಬಾಯಿ ಎರಡು ಸಲ ಮುಚ್ಚಿಸ್ದಂಗಾಯ್ತು," ಎಂದರು ಬೋರಯ್ಯ. ಬೈಯುವ ದನಿಯಲ್ಲಿ ಹೇಳಲಿಲ್ಲ. "ನಮ್ಮತ್ರ ಹೇಳಿ ಏನ್ ಬಂತು? ಹುಳಿಯಾರು ಏನು ದೂರ ಇಲ್ಲ."

ಗಿರಿಜಾಂಬಿಕಾ ಆ ರಾತ್ರಿಯೇ ಪ್ರತಿಷ್ಠಾನಕ್ಕೆ ಪತ್ರ ಬರೆದಳು. ಆ ಅಭಿಪ್ರಾಯ ಬಳಗದ್ದಲ್ಲ, ತನ್ನೊಬ್ಬಳದು. ಲೇಖಕಿಗೆ ತಾನು ಹಿಂದೆ ಅನ್ಯಾಯ ಮಾಡಿದವಳು. ಉಳಿದ ಮೂವರೂ ಆ ಪುಸ್ತಕಕ್ಕೇ ಮೊದಲ ಸ್ಥಾನ ಕೊಟ್ಟಿದ್ದರು. ವಾರದಲ್ಲಿ ಉತ್ತರ ಬಂತು. ತಿದ್ದುಪಡಿಯನ್ನು ಪ್ರಕಟಿಸುತ್ತೇವೆ, ಪ್ರಶಸ್ತಿಯ ತೀರ್ಮಾನವನ್ನು ಇನ್ನು ಬದಲಿಸಲಾಗುವುದಿಲ್ಲ ಎಂದಿತ್ತು. ಆ ಉತ್ತರವನ್ನು ಚೀಲದಲ್ಲಿಟ್ಟುಕೊಂಡು ಶನಿವಾರ ಮಧ್ಯಾಹ್ನ ಹುಳಿಯಾರಿನ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ತೆಂಗಿನ ತೋಟಗಳು ಹಿಂದೆ ಸರಿದು ಬಯಲು ಬರುವವರೆಗೆ, ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡಳು.

ಅಂಗನವಾಡಿಯ ಹತ್ತಿರ ಕೇಳಿದ್ದಕ್ಕೆ ಒಬ್ಬಾಕೆ ಮನೆ ತೋರಿಸಿದಳು. ಸಿದ್ದಗಂಗಮ್ಮ ಬಾಗಿಲಲ್ಲೇ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ತಲೆ ಅರ್ಧ ನೆರೆತಿತ್ತು. ನೋಡಿದ ತಕ್ಷಣ ಗುರುತು ಹಿಡಿದಳು, ಏಳಲಿಲ್ಲ.

"ಪುಸ್ತಿಕೇಲಿ ನಿನ್ನ ಹೆಸರು ನೋಡ್ದೆ," ಎಂದಳು. "ಅಂಥವರು ಬಾಯಿ ಬಿಡಲ್ಲ ಅಂತ ಬರ್ದಿದ್ಯಲ್ಲ. ನಿಜಾನೇ ಬರ್ದಿದೀಯ ಬುಡು."

ಜೋಡಿಸಿಕೊಂಡು ಬಂದ ಮಾತುಗಳನ್ನೆಲ್ಲ ಬಿಟ್ಟು, "ಹಾಳೆ ಕೊಯ್ದಿದ್ದು ನಾನು ಕಣೇ," ಎಂದಳು ಗಿರಿಜಾಂಬಿಕಾ.

"ನಂಗೊತ್ತಿಲ್ವಾ?" ಸಿದ್ದಗಂಗಮ್ಮ ಕಾಯಿ ಸುಲಿಯುವುದನ್ನು ನಿಲ್ಲಿಸಿದಳು. "ನೋಡು, ಪ್ರೈಜ್ ಹೋಯ್ತು ಅಂತ ನಂಗೆ ಅಂಥಾ ದುಃಖ ಇಲ್ಲ. ಒಂದು ವಾರ ಇತ್ತು. ಆದ್ರೆ ನೀನು ಆ ಕೊನೇ ಪಾಠಾನ ಸುಳ್ಳು ಅಂದ್ಯಲ್ಲ, ಅದನ್ನ ನಾನು ಯಾಕೆ ಬರ್ದೆ ಅಂತ ನಿಂಗೆ ಗೊತ್ತಿಲ್ಲ. ನಮ್ಮವ್ವ ಇಷ್ಟು ವರ್ಷಾನೂ ನಾನೇ ಕದ್ದೆ ಅಂದ್ಕಂಡಿದ್ಲು. ಆಣೆ ಮಾಡಿ ಹೇಳಿದ್ರೂ ನಂಬ್ಲಿಲ್ಲ. ಅಷ್ಟು ದೊಡ್ಡ ಮೇಷ್ಟ್ರು ಸುಳ್ಳು ಹೇಳ್ತಾರಾ ಅನ್ನೋಳು. ಬರ್ದು ಬರ್ದು ರಾತ್ರಿ ಓದಿ ಹೇಳ್ತಿದ್ದೆ. ಕೊನೇಲಿ ಆ ಗೆಳತಿ ಬಂದು ಒಪ್ಕಂಡ್ಲು ಅಂತ ಓದ್ದೆ. ನಿಜ್ವಾಗ್ಲೂ ಬಂದಿದ್ಲಾ ಅಂದ್ಲು ಅವ್ವ. ಹೂಂ ಕಣವ್ವ, ನಾವು ಬಸ್ ಹತ್ತಿದ ಮೇಲೆ ಬಂದಿದ್ಲಂತೆ, ನಂಗೆ ಮೊನ್ನೆ ಮೊನ್ನೆ ಗೊತ್ತಾಯ್ತು ಅಂದೆ. ಆವತ್ತು ನನ್ನ ಕೆನ್ನೆ ಸವ್ರಿದ್ಲು."

ಒಳಗಿನಿಂದ ಕೆಮ್ಮು ಕೇಳಿಸಿತು. "ಯಾರವ್ವ ಬಂದಿರೋದು?"

ಸಿದ್ದಗಂಗಮ್ಮ ಗಿರಿಜಾಂಬಿಕಾಳ ಮುಖವನ್ನು ಒಂದು ಗಳಿಗೆ ನೋಡಿದಳು. ತಗ್ಗಿದ ದನಿಯಲ್ಲಿ, "ಅವ್ವನ ಮುಂದೆ ನಿನ್ನ ಭಾರ ಇಳಿಸ್ಕಂಡು ಹೋಗ್ಬೇಡ. ಗೊತ್ತಾಯ್ತಾ?" ಎಂದಳು. ಆಮೇಲೆ ಗಟ್ಟಿಯಾಗಿ ಹೇಳಿದಳು. "ನನ್ನ ಕಾಲೇಜಿನ ಗೆಳತಿ ಕಣವ್ವ. ಪುಸ್ತಕದಲ್ಲಿ ಬತ್ತಾಳಲ್ಲ, ಅವಳು."

ಕೆಂಪಕ್ಕ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ಎಂಬತ್ತು ದಾಟಿತ್ತು, ಒಂದು ಕಣ್ಣಿಗೆ ಪೊರೆ ಬಂದಿತ್ತು. ಗಿರಿಜಾಂಬಿಕಾ ಮುಂದೆ ಬಂದಳು. ಮುದುಕಿ ಅವಳ ಎರಡೂ ಕೈ ಹಿಡಿದುಕೊಂಡು ಹತ್ತಿರದಿಂದ ಮುಖ ನೋಡಿದಳು.

"ನೀನೇನವ್ವ? ಎಷ್ಟು ಧೈರ್ಯ ಮಾಡಿದ್ದೆ ಆವತ್ತು. ನಿಜ ಹೇಳುದ್ಕೆ ನಿಮ್ಮನೇಲಿ ಹೊಡುದ್ರಾ?"

ಇಲ್ಲವ್ವ, ನಾನು ಬರಲೇ ಇಲ್ಲ, ಏನೂ ಹೇಳಲಿಲ್ಲ ಎಂಬ ಮಾತು ಗಂಟಲ ತನಕ ಬಂತು. ಅದನ್ನು ಹೇಳಿಬಿಟ್ಟರೆ ತನಗೆ ಎಷ್ಟು ಹಗುರಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಸಿದ್ದಗಂಗಮ್ಮ ಅವರೆಕಾಯಿಯ ಬುಟ್ಟಿ ಹಿಡಿದುಕೊಂಡು ಅಲ್ಲೇ ಎದ್ದು ನಿಂತಿದ್ದಳು.

"ಇಲ್ಲ ಕಣವ್ವ," ಎಂದಳು ಗಿರಿಜಾಂಬಿಕಾ. "ನನಗೆ ಯಾರೂ ಹೊಡೀಲಿಲ್ಲ."

"ಒಳ್ಳೇದಾಯ್ತು. ನಾನು ಹೊಡ್ದುಬುಟ್ಟೆ ಕಣವ್ವ ಇವುಳ್ಗೆ. ಅಷ್ಟು ಜನದ ಮುಂದೆ." ಕೆಂಪಕ್ಕ ಅಳತೊಡಗಿದಳು. ಗಿರಿಜಾಂಬಿಕಾ ಅವಳನ್ನು ಹಿಡಿದು ಜಗುಲಿಯ ಮೇಲೆ ಕೂರಿಸಿದಳು. ಮುದುಕಿ ಕೈ ಬಿಡಲಿಲ್ಲ. ಮಗಳಿಗೆ ಕಾಫಿ ಕಾಯಿಸಲು ಹೇಳಿದಳು, ಉಂಡೇ ಹೋಗಬೇಕು ಎಂದಳು.

ಉಂಡ ಮೇಲೆ ಸಿದ್ದಗಂಗಮ್ಮ ಬಸ್‌ಸ್ಟ್ಯಾಂಡಿನ ತನಕ ಬಂದಳು. ಪ್ರತಿಷ್ಠಾನದ ಪತ್ರವನ್ನು ಓದಿ, ಮಡಿಸಿ ವಾಪಸು ಕೊಟ್ಟಳು.

"ನನ್ನ ಕ್ಷಮಿಸು ಅಂತ ಕೇಳಕ್ಕೆ ಬಂದೆ ಕಣೇ," ಎಂದಳು ಗಿರಿಜಾಂಬಿಕಾ.

"ಗೊತ್ತು. ಕ್ಷಮಿಸ್ದೆ ಅಂತ ಬಾಯಲ್ಲಿ ಹೇಳ್ಬೋದು, ಒಳಗಿಂದ ಬತ್ತಾ ಇಲ್ಲ." ಬಸ್ಸು ಬರುವ ದಿಕ್ಕಿಗೆ ನೋಡುತ್ತಾ ಸಿದ್ದಗಂಗಮ್ಮ ಹೇಳಿದಳು. "ಆದ್ರೆ ನಮ್ಮವ್ವ ಇರೋಗಂಟ ಬಂದೋಗ್ತಿರು. ಅವಳಿಗೆ ಖುಷಿಯಾಗ್ತದೆ."

ಅಂದಿನಿಂದ ಗಿರಿಜಾಂಬಿಕಾ ತಿಂಗಳಿಗೊಂದು ಸಲ ಹುಳಿಯಾರಿಗೆ ಹೋಗುತ್ತಾಳೆ. ಕೆಂಪಕ್ಕ ಅಕ್ಕಪಕ್ಕದ ಹೆಂಗಸರನ್ನು ಕೂಗಿ ಕರೆದು, ದೊಡ್ಡ ಮೇಷ್ಟ್ರ ಎದುರಿಗೇ ನಿಂತು ನಿಜ ಹೇಳಿದ ಹುಡುಗಿ ಇವಳೇ ಎಂದು ತೋರಿಸುತ್ತಾಳೆ. ಹೆಂಗಸರು ಹೌದಾ ಎಂದು ಮೆಚ್ಚಿ ನೋಡುತ್ತಾರೆ. ಗಿರಿಜಾಂಬಿಕಾ ತಲೆ ತಗ್ಗಿಸಿಕೊಂಡು ಕೂರುತ್ತಾಳೆ. ಎಷ್ಟು ನಾಚಿಕೆ ನೋಡು ಇವುಳ್ಗೆ ಎಂದು ಕೆಂಪಕ್ಕ ನಗುತ್ತಾಳೆ.